ಒಂದೇ ಪೆಟ್ಟಿಗೆಗೆ ಬೀಳುತ್ತಿದ್ದ ಟಪಾಲು

ಮೊನ್ನೆ ಬಸ್ಸು ನಂದೂರ ದಾಟುವಾಗ ಕಿಟಕಿಯಿಂದ ತೊಗರಿ ಹೊಟ್ಟಿನ ಘಾಟು ಬಂತು. ಪಕ್ಕದವರು ಮೂಗಿಗೆ ಸೆರಗು ಹಿಡಿದರು. ನನಗೆ ನಾನು ಕೆಲಸ ಮಾಡಿದ ದಾಲ್ ಮಿಲ್ಲಿನ ಆಫೀಸು, ಅಲ್ಲಿಯ ಕಾಕಾ ನೆನಪಾದರು...

ಖೂಬಾ ಪ್ಲಾಟ್ ಬಡಾವಣೆಯ ಕಾಕಾ ಆ ಮಿಲ್ಲಿನ ಹಿರಿಯ ಗುಮಾಸ್ತರು. ಬೇಳೆಯನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿಯೇ ಗುಣ ಹೇಳುತ್ತಿದ್ದರು. ಅವರು ಆರಿಸಿದ ಸ್ಯಾಂಪಲ್ಲೇ ಊರೂರಿಗೆ ಹೋಗುತ್ತಿತ್ತು. ಅದರ ಮೇಲೆ ಅವರಿಗೆ ಭಾರೀ ಅಭಿಮಾನ. ನಾನು ಕಮಲಾಪುರದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಟೈಪಿಸ್ಟು. ಬಂದ ಟಪಾಲನ್ನೆಲ್ಲ ಬೆಳಿಗ್ಗೆ ಕಾಕಾ ಎಲ್ಲರೆದುರು ಗಟ್ಟಿಯಾಗಿ ಓದಬೇಕು, ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಹೇಳಬೇಕು. ಅದು ಮಿಲ್ಲಿನ ಮಾಲೀಕರಾದ ಸಾವ್ಕಾರರ ರಿವಾಜು.

ಇಂಟರ್‌ನೆಟ್ ಆಗ ಊರಿಗೆ ಹೊಸದು. ನೆಟ್ ಕಂಪನಿಯವನನ್ನು ಫೋನಿನಲ್ಲಿ ಕೇಳಿ ಕೇಳಿ ಆಫೀಸಿನ ಮೇಲ್ ಸರ್ವರ್ ಹೊಂದಿಸಿದ್ದು ನಾನೇ. ಫೋನಿಗೂ ಮೋಡೆಮ್ಮಿಗೂ ಇದ್ದದ್ದು ಒಂದೇ ಲೈನು. ಅವನು ಹೇಳಿದ್ದನ್ನು ಕೇಳಿ, ಫೋನಿಟ್ಟು, ನೆಟ್ ಹಚ್ಚಿ ನೋಡಿ, ಹತ್ತದಿದ್ದರೆ ಮತ್ತೆ ಅವನಿಗೇ ಫೋನು... ಸಾಕುಸಾಕಾಗಿ ಹೋಗಿತ್ತು! ಒಬ್ಬೊಬ್ಬರಿಗೆ ಒಂದೊಂದು ಮೇಲ್ ಪೆಟ್ಟಿಗೆ ಮಾಡಲೇ ಎಂದು ಅವನು ಕೇಳಿದ.

“ಟಪಾಲಂದ್ರ ಒಂದೇ ಕಡಿ ಬರಬೇಕ್ ನೋಡವ್ವ,” ಎಂದರು ಸಾವ್ಕಾರರು. ಸರಿ, ಯಾರ ಹೆಸರಿಗೆ ಬಂದದ್ದಾದರೂ ಒಂದೇ ಪೆಟ್ಟಿಗೆಗೆ ಬಿದ್ದು, ಪ್ರಿಂಟಾಗಿ ಕಾಕಾನ ಕೈ ಸೇರುತ್ತಿತ್ತು.

ನನಗೆ ಗೊತ್ತಿಲ್ಲದೆ ಅಣ್ಣ ಆಫೀಸಿನ ಮೇಲ್ ವಿಳಾಸಕ್ಕೆ ನನ್ನ ಹೆಸರು ಹಚ್ಚಿ, ನನ್ನನ್ನು ನೋಡಿಹೋಗಿದ್ದ ಪುಣೆಯ ಗಂಡಿನ ಕಡೆಯವರಿಗೆ ಕೊಟ್ಟಿದ್ದ.

ಅವತ್ತು ಕಾಕಾ “ಪುಣೇದಿಂದ ಬಂದದ ರೀ,” ಎಂದು ಶುರುಮಾಡಿ ತಟ್ಟನೆ ನಿಂತರು. ಒಮ್ಮೆ ನನ್ನ ಕಡೆ ನೋಡಿದರು.

“ಸ್ಯಾಂಪಲ್ ನೋಡ್ಯಾರ್ರೀ. ಬಣ್ಣ ಕಡಿಮಿ ಅದ, ಬ್ಯಾಡ ಅಂದಾರ.”

“ಆರಿಸಿದವ್ರು ಯಾರು?” ಸಾವ್ಕಾರರು ಗುಡುಗಿದರು.

“ನಾನೇ ರೀ. ಕಣ್ಣು ತಪ್ಪಿತು.”

“ಕಣ್ಣು ಕಾಣಂಗಿಲ್ಲಂದ್ರ ಮನ್ಯಾಗ ಕೂಡ್ರಿ!”

ಮರುದಿನದಿಂದ ಸ್ಯಾಂಪಲ್ ಆರಿಸುವ ಕೆಲಸ ಬೇರೆಯವರ ಪಾಲಾಯಿತು.

ಸಂಜೆ ಕಾಕಾ ಆ ಕಾಗದವನ್ನು ನನ್ನ ಕೈಗಿಟ್ಟರು. ಹುಡುಗಿ ಕಪ್ಪು, ನಮಗೆ ಒಪ್ಪಿಗೆಯಿಲ್ಲ ಎಂದಿತ್ತು. ನಾಚಿಕೆಯಿಂದ ಭೂಮಿಗಿಳಿದುಹೋದೆ. ಸಾವ್ಕಾರರಿಗೆ ನಿಜ ಹೇಳಿಬಿಡುತ್ತೇನೆ ಎಂದೆ.

“ಬ್ಯಾಡ ತಂಗಿ. ಬೈಸ್ಕೊಂಡದ್ದು ತೊಗರಿಬ್ಯಾಳಿ, ನೀ ಯಾಕ ಅಳ್ತಿ?” ಎಂದರು.

ಸಾವ್ಕಾರರಿಗೆ ಹೇಳದೆಯೇ ಬಸ್ಸು ಹತ್ತಿದೆ. ಥೂ, ಅವತ್ತು ನನಗೆ ಹಾಯೆನಿಸಿತ್ತು! ಅದನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ಮೊನ್ನೆ ಬಸ್ಸಿಳಿದವಳು ನೇರ ಖೂಬಾ ಪ್ಲಾಟಿಗೆ ಹೋದೆ. ಕಾಕಾ ಹೋದ ದೀಪಾವಳಿಗೇ ತೀರಿಕೊಂಡರಂತೆ, ನನಗೆ ಸುದ್ದಿಯೇ ಇಲ್ಲ. ಅವರ ಹೆಂಡತಿ, ಕಾಕು, ಕೂಡಿಸಿಕೊಂಡು ಚಹಾ ಕೊಟ್ಟರು.

“ಜನ್ಮದಾಗ ಒಂದೇ ಸಲ ಸ್ಯಾಂಪಲ್ ತಪ್ಪಿದ್ದೆ ಅಂತ ಕಡೀತನಾ ಅಂತಿದ್ರು,” ಎಂದರು. “ಅಷ್ಟು ಛಲೋ ಕಣ್ಣು ಹೆಂಗ ತಪ್ಪಿತೋ ಏನೋ...”

ಮನೆಯಲ್ಲೂ ಬಾಯಿ ಬಿಟ್ಟಿರಲಿಲ್ಲ, ಪುಣ್ಯಾತ್ಮ.

“ತಪ್ಪಿರಲಿಲ್ಲ ಕಾಕು,” ಎಂದೆ. “ಅದು ಬ್ಯಾಳಿ ಅಲ್ಲ. ನಾನು.”

ಎಲ್ಲ ಹೇಳಿದೆ. ಕಾಕು ನನ್ನ ಕೈ ಹಿಡಿದುಕೊಂಡರು.

“ಇದನ್ನ ಅವ್ರಿದ್ದಾಗ ಬಂದು ಹೇಳಬಾರ್ದಿತ್ತೇನ ತಂಗಿ?”