ನಮ್ಮ ಹಾಲ್‌ನಲ್ಲಿ ಫೇಲಾದ ಡ್ರೈವರ್

ಹದಿನೈದು ದಿನದ ಹಿಂದೆ, ಒಂದು ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ನಮ್ಮ ಮಾವನವರು ನಮ್ಮ ಮನೆಯ ಹಾಲ್‌ನಲ್ಲೇ ಕಾರು ಓಡಿಸಿ ಫೇಲಾದರು.

ಎಂಟು ಕಾರುಗಳ ರೇಸು. ಅವರಿಗೆ ಎಂಟನೆಯ ಸ್ಥಾನ. ಟೀವಿ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಹಾಗೆಂದು ದೊಡ್ಡದಾಗಿ ಬರೆದು ಬಂತು. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೆ ಎಂಟು ಅನ್ನುವ ಅಂಕಿ ಓದಲು ಯಾವ ಭಾಷೆ ಬೇಕು?

ಮಾವನವರ ಬಗ್ಗೆ ಸ್ವಲ್ಪ ಹೇಳಬೇಕು. ಮಂಡ್ಯ ಕಡೆಯವರು. ಕನ್ನಡ ಸಿನಿಮಾಗಳು ಮದರಾಸಿನಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ ಒಂದು ಕಂಪನಿಯ ಡ್ರೈವರ್ ಆಗಿ ಇಲ್ಲಿಗೆ, ಸ್ಟುಡಿಯೋಗಳಿದ್ದ ವಡಪಳನಿಗೆ ಬಂದವರು. ಆಮೇಲೆ ಸಿನಿಮಾ ಬೆಂಗಳೂರಿಗೆ ಹೋಯಿತು, ಇವರು ಇಲ್ಲೇ ಉಳಿದರು. (ಹೋಗುವಾಗ ಸಿನಿಮಾ ಇವರನ್ನು ಕರೆಯಲಿಲ್ಲ.) ಮೇಕಪ್ ಕೆಡದಂತೆ ನಾಯಕಿಯರನ್ನು, ತಂತಿ ಅಲುಗದಂತೆ ವೀಣೆಗಳನ್ನು ಮೂವತ್ತು ವರ್ಷ ಸ್ಟುಡಿಯೋಗೆ ಮುಟ್ಟಿಸಿದ್ದಾರೆ. ಒಂದು ಗೀರಿಲ್ಲ, ಒಂದು ಕೇಸಿಲ್ಲ. ಕಂಪನಿ ಬಾಗಿಲು ಹಾಕಿದಾಗ ಅದರ ಹಳೇ ಅಂಬಾಸಡರ್ ಕಾರನ್ನು ಮನೆಗೆ ತಂದರು. ಅದನ್ನು ದಿನಾ ಬೆಳಿಗ್ಗೆ ಅವರೇ ತೊಳೆಯುತ್ತಾರೆ. ಮಂಗಳವಾರ ಮಂಗಳವಾರ ಅದರಲ್ಲೇ ವಡಪಳನಿಯ ಮುರುಗನ ದರ್ಶನಕ್ಕೆ ಹೋಗುತ್ತಾರೆ.

ಈಗ ಅವರಿಗೆ ಎಪ್ಪತ್ತೆರಡು. ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಅಣ್ಣಾ ನಗರದ ಅಗಲವಾದ ರಸ್ತೆಯಲ್ಲಿ ಅವರು ಕಾರು ತೆಗೆದರೆ ಹಿಂದೆ ಒಂದು ಮೆರವಣಿಗೆಯೇ ಹೊರಡುತ್ತದೆ. ಅಷ್ಟು ನಿಧಾನ. ನಮ್ಮನೆಯವರಿಗೆ ಹೆದರಿಕೆ. ಅಪ್ಪ ಇನ್ನು ಕಾರು ಓಡಿಸುವುದನ್ನು ಬಿಡಬೇಕು. ಆದರೆ ಅಪ್ಪನಿಗೆ ಹೇಳುವವರು ಯಾರು? ನಮ್ಮನೆಯವರು ಗಿಂಡಿಯ ಕಾರ್ಖಾನೆಯಲ್ಲಿ ಇನ್ನೂರು ಜನರ ಮೇಲೆ ಮ್ಯಾನೇಜರ್. ಮನೆಯಲ್ಲಿ ಮಾತ್ರ ಅಪ್ಪ ಪೇಪರ್ ಮಡಚಿಟ್ಟರೆ ಸಾಕು, ಎದ್ದು ಅಡುಗೆಮನೆಗೆ ಬಂದುಬಿಡುತ್ತಾರೆ.

ಅಷ್ಟರಲ್ಲಿ ಸಿಂಗಾಪುರದಿಂದ ನಾದಿನಿ ಬಂದಳು. ನಮ್ಮ ಮಗಳು ದೀಪ್ತಿಗೆ ಹದಿನೆಂಟು ತುಂಬಿತಲ್ಲ, ಅದರ ಉಡುಗೊರೆ ಎಂದು ಒಂದು ಗೇಮ್ ಕನ್ಸೋಲ್ ತಂದಳು. ಜೊತೆಗೆ ಒಂದು ಸ್ಟೀರಿಂಗ್, ಕಾಲಿಗೆ ಎರಡು ಪೆಡಲ್.

ಹೊಸದಾಗಿ ಇಂಥದ್ದು ಕೊಳ್ಳುವವರಿಗೆ ನನ್ನ ಅನುಭವದ ಎರಡು ಮಾತು. ಸ್ಟೀರಿಂಗನ್ನು ಮೇಜಿಗೆ ಕಚ್ಚಿಸಿ ಸ್ಕ್ರೂ ತಿರುಗಿಸಬೇಕು. ನಮ್ಮ ಡೈನಿಂಗ್ ಟೇಬಲ್ಲಿನ ಹಲಗೆ ದಪ್ಪ, ಕಚ್ಚಲಿಲ್ಲ. ಕೊನೆಗೆ ಇಸ್ತ್ರಿ ಟೇಬಲ್ಲಿಗೆ ಕಚ್ಚಿತು. ಪೆಡಲ್ ನೆಲದ ಮೇಲೆ ನಿಲ್ಲುವುದಿಲ್ಲ, ಒತ್ತಿದಾಗೆಲ್ಲ ಟೀವಿಯ ಕಡೆಗೆ ಜಾರುತ್ತದೆ. ಅದಕ್ಕೆ ತಡೆಯಾಗಿ ನನ್ನ ಗ್ರೈಂಡರಿನ ಕಲ್ಲು ಹೋಯಿತು. (ಆ ವಾರ ನಮ್ಮ ಮನೆಯಲ್ಲಿ ದೋಸೆ ಇಲ್ಲ.) ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತರೆ ತಿರುವಿನಲ್ಲಿ ನೀವೂ ಬೀಳುತ್ತೀರಿ. ಮೊದಲ ದಿನ ಗೇರನ್ನು ಆಟೋಮ್ಯಾಟಿಕ್‌ಗೆ ಬಿಡಿ. ಸ್ಟೀರಿಂಗನ್ನು ಅರ್ಧ ಇಂಚು ತಿರುಗಿಸಿದರೆ ಪರದೆಯ ಮೇಲಿನ ಕಾರು ಹೊಲಕ್ಕೆ ಹೋಗುತ್ತದೆ, ಗಾಬರಿಯಾಗಬೇಡಿ. ಸೆಟ್ಟಿಂಗಿನಲ್ಲಿ ಅದನ್ನು ಸ್ವಲ್ಪ ಮೆತ್ತಗೆ ಮಾಡಬಹುದು.

ಮೂರೇ ದಿನದಲ್ಲಿ ದೀಪ್ತಿ ಚಾಂಪಿಯನ್ ಆದಳು. ಕಾಲೇಜಿನಿಂದ ಬಂದವಳೇ ಚಪ್ಪಲಿ ಬಿಡುವ ಮೊದಲು ರೇಸು. ನಾನೂ ಒಂದು ಕೈ ನೋಡಿದೆ. ನನ್ನ ಕಾರು ಮೊದಲ ತಿರುವಿನಲ್ಲೇ ಹಿಂದುಮುಂದಾಗಿ, ಬರುವವರಿಗೆಲ್ಲ ಎದುರಾಗಿ ಹೋಯಿತು.

ಹಾಗಿರುವಾಗ ಶನಿವಾರ ಅಡುಗೆಮನೆಯಲ್ಲಿ ನಮ್ಮನೆಯವರು ಮತ್ತೆ ಅಪ್ಪನ ಕಾರಿನ ವಿಷಯ ತೆಗೆದರು. ನಾನು ಸಾರಿಗೆ ಒಗ್ಗರಣೆ ಹಾಕುತ್ತ, "ಒಂದ್ಸಲ ಆ ಗೇಮ್ ಆಡಿಸಿ ನೋಡಿ. ಕೈಕಾಲು ಎಷ್ಟು ಚುರುಕಾಗಿದೆ ಅಂತ ಅವ್ರಿಗೇ ಗೊತ್ತಾಗುತ್ತೆ" ಅಂದೆ. ತಮಾಷೆಗೆ ಅಂದದ್ದು. ಅವರ ಮುಖ ಅರಳಿತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನ್ನ ಸಲಹೆಯೊಂದನ್ನು ಅವರು ಅಷ್ಟು ಬೇಗ ಒಪ್ಪಿದ್ದು ಅದೇ ಮೊದಲು.

ಭಾನುವಾರ ಮಾವನವರು ಸ್ಟೂಲಿನ ಮೇಲೆ ಕೂತರು. ಅಭ್ಯಾಸಬಲದಿಂದ ಸ್ಟೀರಿಂಗನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಕ್ಲಚ್ ಎಲ್ಲೈತೆ?"

"ಇದ್ರಲ್ಲಿ ಕ್ಲಚ್ ಇಲ್ಲಪ್ಪಾ" ಅಂದರು ನಮ್ಮನೆಯವರು.

"ಹಾರನ್ನು?"

"ಅದೂ ಇಲ್ಲ."

"ಹಾರನ್ ಇಲ್ದೆ ವಂಡಿ ಎಂಗೆ ಓಡ್ಸಾದು?" ಎಂದು ಮಾವ ನನ್ನ ಕಡೆ ನೋಡಿದರು. ಇಲ್ಲಿ ನಲವತ್ತು ವರ್ಷ ಕಳೆದವರು, ಗಾಡಿಗೆ ವಂಡಿಯೇ ಅನ್ನುವುದು. ಚೆನ್ನೈಯಲ್ಲಿ ಅದಕ್ಕಿಂತ ನ್ಯಾಯವಾದ ಪ್ರಶ್ನೆ ಇನ್ನೊಂದಿದೆಯೇ?

ಪರದೆಯ ಮೇಲೆ ಕಾರಿನ ಬೆನ್ನು ಕಾಣುತ್ತಿತ್ತು. "ನಾನು ಒಳಗೆ ಕುಂತಿವ್ನೋ, ಇಂದೆ ಓಡ್ತಾ ಇವ್ನೋ?" ಎಂದು ಕೇಳಿದರು. ದೀಪ್ತಿ ಒಂದು ಬಟನ್ ಒತ್ತಿ ನೋಟವನ್ನು ಕಾರಿನ ಒಳಗಿನಿಂದ ಮಾಡಿಕೊಟ್ಟಳು. ಅವರಿಗೆ ಸಮಾಧಾನವಾಯಿತು.

ಹಸಿರು ದೀಪ ಬಂತು. ಏಳು ಕಾರುಗಳು ಹಾರಿದವು. ಮಾವನವರು ಹಾರಲಿಲ್ಲ.

"ತಾತಾ, ಪೋಂಗ" ಎಂದಳು ದೀಪ್ತಿ. (ಹೋಗಿ ಅಂತ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಮೊದಲು ಬರುವುದು ತಮಿಳು.)

"ಇರವ್ವ. ಅವ್ರಿಗೇನೋ ಅರ್ಜೆಂಟು. ಓಗ್ಲಿ."

ಅವರೆಲ್ಲ ಹೋದ ಮೇಲೆ ಇವರು ಹೊರಟರು. ತಿರುವು ಬರುವ ಮೊದಲೇ ಬ್ರೇಕು. ಹಿಂದಿನಿಂದ ಒಂದು ಸುತ್ತು ಮುಗಿಸಿ ಬಂದ ಕೆಂಪು ಕಾರಿಗೆ ಪಕ್ಕಕ್ಕೆ ಸರಿದು ದಾರಿ. ಇನ್ನೊಂದು ಕಾರು ಬೇಕೆಂದೇ ಬಂದು ಗುದ್ದಿತು. ಸ್ಟೀರಿಂಗ್ ಅವರ ಕೈಯಲ್ಲಿ ಗಡಗಡ ನಡುಗಿತು. ಮಾವ ಕಾರು ನಿಲ್ಲಿಸಿಬಿಟ್ಟರು. ಎರಡೂ ಕೈ ಎತ್ತಿ, ಯಾರಿಗಾದರೂ ಏಟಾಯಿತೇ ಎಂದು ಪರದೆಯ ಮೂಲೆಮೂಲೆ ಹುಡುಕಿದರು. ಮೂರು ಸುತ್ತು ಮುಗಿಯುವ ಹೊತ್ತಿಗೆ ಉಳಿದ ಏಳು ಕಾರುಗಳೂ ಬಹುಮಾನ ತೆಗೆದುಕೊಂಡಾಗಿತ್ತು.

ಆಮೇಲೆ ದೀಪ್ತಿ ಕೂತಳು. ನಾಲ್ಕು ಕಾರುಗಳಿಗೆ ಗುದ್ದಿ, ಒಂದನ್ನು ಮಗುಚಿಹಾಕಿ ಮೊದಲು ಬಂದಳು. ಪರದೆಯ ಮೇಲೆ ಪಟಾಕಿ ಹಾರಿತು, ಚಿನ್ನದ ಕಪ್ ಬಂತು.

"ನೋಡಿದ್ರಲ್ಲಪ್ಪಾ" ಎಂದರು ನಮ್ಮನೆಯವರು. "ರಸ್ತೆ ಈಗ ಹಿಂಗೇ ಆಗೋಗಿದೆ. ರಿಫ್ಲೆಕ್ಸ್ ಬೇಕು. ವಯಸ್ಸಾದ್ಮೇಲೆ..." ಅಷ್ಟಕ್ಕೆ ನಿಲ್ಲಿಸಿದರು. ನಾನು ಕರ್ಟನ್ ಸರಿಪಡಿಸತೊಡಗಿದೆ.

ಮಾವನವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಒಳಗೆ ಹೋಗಿ ಬಂದರು. ಅಂಬಾಸಡರಿನ ಕೀ ತಂದು ಟೀವಿಯ ಮೇಲಿಟ್ಟರು.

"ಬಾಯ್ಬುಟ್ಟು ಕೇಳಿದ್ರೆ ಕೊಡ್ತಿದ್ದೆ ಕಣಪ್ಪ" ಎಂದರು. "ಇಷ್ಟೆಲ್ಲ ಯಾಕೆ?"

ಅಷ್ಟೇ. ಸಿಟ್ಟಿಲ್ಲ, ಗೊಣಗಾಟವಿಲ್ಲ. ಮಧ್ಯಾಹ್ನ ಎಂದಿನಂತೆ ಊಟ ಮಾಡಿದರು. ಸೋಮವಾರ ಬೆಳಿಗ್ಗೆ ಕಾರು ತೊಳೆಯಲಿಲ್ಲ. ಮಂಗಳವಾರ ವಡಪಳನಿಗೆ ಬಸ್ಸಿನಲ್ಲಿ ಹೋಗಿ ಬಂದರು. ನನಗೆ ಕುಂಕುಮ ಕೊಡುವಾಗ, "ಬಸ್ಸಲ್ಲಿ ಒಳ್ಳೆ ಹುಡುಗ್ರವ್ವ, ಎದ್ದು ಸೀಟು ಕೊಟ್ರು" ಎಂದರು. ನಾನು ಕುಂಕುಮ ಇಟ್ಟುಕೊಳ್ಳುವ ನೆಪದಲ್ಲಿ ಕನ್ನಡಿಯ ಕಡೆ ತಿರುಗಿದೆ. ಕನ್ನಡಿಯಲ್ಲಿ ಕಂಡ ಹೆಂಗಸು ನನಗೆ ಅಷ್ಟೇನೂ ಹಿಡಿಸಲಿಲ್ಲ.

ಕೀ ಒಂದು ವಾರ ಟೀವಿಯ ಮೇಲೇ ಇತ್ತು. ನಮ್ಮನೆಯವರು ಕೆಲಸಕ್ಕೆ ಹೋಗುವುದು ಕಂಪನಿ ಬಸ್ಸಿನಲ್ಲಿ, ಊರೊಳಗೆ ಸ್ಕೂಟರಿನಲ್ಲಿ. ಕಾರು ಅವರಿಗೆ ಬಾರದು. ನನಗಂತೂ ಬಾರದು. ಹಾಗಾದರೆ ಕೀ ಕಸಿದುಕೊಂಡು ನಾವು ಉದ್ಧಾರ ಮಾಡಿದ್ದೇನು?

ಮುಂದಿನ ಭಾನುವಾರ ದೀಪ್ತಿ ಕೀ ಕೈಗೆತ್ತಿಕೊಂಡಳು. ಅವಳಿಗೆ ಕಲಿಯುವವರ ಎಲ್ ಲೈಸೆನ್ಸ್ ಬಂದಿತ್ತು. "ತಾತಾ, ಪಕ್ಕದಲ್ಲಿ ಸುಮ್ನೆ ಕೂತ್ಕೊಳ್ಳಿ ಪೋದುಂ, ಐ ನೋ ಡ್ರೈವಿಂಗ್" ಎಂದು ಮೂರು ಭಾಷೆಯಲ್ಲಿ (ಪೋದುಂ ಅಂದರೆ ಸಾಕು) ಒಪ್ಪಿಸಿ ಕರೆದುಕೊಂಡು ಹೋದಳು. ಗೇಟಿನಿಂದ ಕಾರನ್ನು ಆಚೆ ತಂದುಕೊಟ್ಟದ್ದು ಎದುರುಮನೆಯ ಡ್ರೈವರ್.

ಅರ್ಧ ಗಂಟೆಗೆ ಫೋನ್ ಬಂತು, ಯಾವುದೋ ಪಿಸಿಓದಿಂದ. ದೀಪ್ತಿ ಅಳುತ್ತಿದ್ದಳು. ನಾವಿಬ್ಬರೂ ಸ್ಕೂಟರ್ ಹತ್ತಿ ಓಡಿದೆವು. ದಾರಿಯುದ್ದಕ್ಕೂ ನಾನು ನೆನೆಯದ ದೇವರಿಲ್ಲ.

ಯಾರಿಗೂ ಏನೂ ಆಗಿರಲಿಲ್ಲ. ರೌಂಡ್‌ಟಾಣದ (ಇಲ್ಲಿ ಸರ್ಕಲ್ಲಿಗೆ ಹಾಗನ್ನುತ್ತಾರೆ) ಬಾಯಲ್ಲಿ ಅಂಬಾಸಡರ್ ನಿಂತಿತ್ತು. ಹಿಂದೆ ಒಂದು ನೀರಿನ ಲಾರಿ, ಅದರ ಹಿಂದೆ ಒಂದು ಟೌನ್ ಬಸ್ಸು, ಅದರ ಹಿಂದೆ ಅಣ್ಣಾ ನಗರ. ಎಲ್ಲರಿಗೂ ಹಾರ್ನ್ ಇತ್ತು. ಚಾಂಪಿಯನ್ ಕ್ಲಚ್ ಬಿಟ್ಟಾಗೆಲ್ಲ ಕಾರು ಒಮ್ಮೆ ಜಿಗಿದು ಸಾಯುತ್ತಿತ್ತಂತೆ. ಒಂಬತ್ತು ಸಲ ಹಾಗಾದ ಮೇಲೆ ಅವಳು ಇಳಿದು ಫೋನ್ ಹುಡುಕಿಕೊಂಡು ಓಡಿದ್ದಳು.

ಮಾವನವರು ಎಡಗಡೆ ಸೀಟಿನಲ್ಲಿ, ಎರಡೂ ಕೈ ತೊಡೆಯ ಮೇಲಿಟ್ಟು ನೆಟ್ಟಗೆ ಕೂತಿದ್ದರು. ಲಾರಿಯವನು ಇಳಿದುಬಂದು ತಮಿಳಿನಲ್ಲಿ ಏನೇನೋ ಅನ್ನುತ್ತಿದ್ದ. ಇವರು ಶಾಂತವಾಗಿ, "ನಾನ್ ಓಟ್ಟಕ್ಕೂಡಾದು ತಂಬಿ, ಫೇಲಾಯಿಟ್ಟೇನ್" ಎನ್ನುತ್ತಿದ್ದರು. ನಾನು ಓಡಿಸುವ ಹಾಗಿಲ್ಲಪ್ಪ, ಫೇಲಾಗಿದ್ದೀನಿ.

ನಮ್ಮನೆಯವರು ಕಿಟಕಿಗೆ ಬಗ್ಗಿದರು. ಬೆವರು ಇಳಿಯುತ್ತಿತ್ತು.

"ಅಪ್ಪಾ, ನೀವೇ ತೆಗೀರಿ."

ಮಾವ ಮಗನನ್ನು ನೋಡಿದರು. "ಯೋಳ್ತಾ ಇದ್ದೀಯೋ, ಕೇಳ್ತಾ ಇದ್ದೀಯೋ?"

ಬಸ್ಸಿನವನು ಹಾರ್ನ್ ಮೇಲೆ ಒರಗಿಯೇ ಬಿಟ್ಟಿದ್ದ. ನಮ್ಮನೆಯವರು ಎಡಗಡೆಯ ಬಾಗಿಲು ತೆರೆದು ಹಿಡಿದರು. ಆಮೇಲೆ, "ಕೇಳ್ತಾ ಇದ್ದೀನಪ್ಪಾ. ಅವತ್ತು ಮಾಡಿದ್ದು ತಪ್ಪಾಯ್ತು" ಎಂದರು. ಅವರ ಬಾಯಿಂದ ಆ ಮಾತನ್ನು ನಾನು ಕೇಳಿದ್ದೂ ಅದೇ ಮೊದಲು.

ಮಾವನವರು ಇಳಿದು, ಕಾರನ್ನು ಒಂದು ಸುತ್ತು ನೋಡಿಕೊಂಡು, ಬಲಗಡೆ ಬಂದು ಕೂತರು. ಲಾರಿಯವನಿಗೆ ಕೈಮುಗಿದರು. ಕಾರು ಬೆಣ್ಣೆಯಂತೆ ಹೊರಟಿತು. ನಿಧಾನವಾಗಿಯೇ. ಹಿಂದೆ ಮೆರವಣಿಗೆ.

ಮನೆಗೆ ಬಂದು ಕಾಫಿ ಕುಡಿಯುವಾಗ ಅವರೇ ಮಾತು ತೆಗೆದರು. "ಸಂಜೆ ಎದುರು ಲೈಟು ಬಿದ್ರೆ ಕಣ್ಣು ಕತ್ತಲೆ ಬತ್ತದೆ ಕಣಪ್ಪ. ಅದ್ಕೇ ಆರು ತಿಂಗ್ಳಾಯ್ತು, ಸಂಜೆ ವಂಡಿ ತೆಗ್ದಿಲ್ಲ. ನೀನು ಗಮನಿಸ್ಲಿಲ್ಲ." ನಾವಿಬ್ಬರೂ ಗಮನಿಸಿರಲಿಲ್ಲ. ಅವರೇ ಷರತ್ತು ಹಾಕಿಕೊಂಡರು. ಬೆಳಿಗ್ಗೆ ಮಾತ್ರ, ವಡಪಳನಿವರೆಗೆ ಮಾತ್ರ. ಕಣ್ಣಿನ ಡಾಕ್ಟರು ಬೇಡವೆಂದ ದಿನ ಅದೂ ಬೇಡ. ಬೆಳಿಗ್ಗೆ ಆರಕ್ಕೆ ದೀಪ್ತಿಗೆ ಕ್ಲಚ್ಚಿನ ಪಾಠ. ಒಂದು ವಾರವಾಯಿತು, ಈಗ ಕಾರು ಮೂರೇ ಸಲ ಸಾಯುತ್ತದಂತೆ.

ನನಗೆ ಉಳಿದಿರುವುದು ಒಂದೇ ಅನುಮಾನ. ಮನೆಯ ಹಿರಿಯರಿಗೆ ನಾವು ಪರೀಕ್ಷೆ ಇಡುವುದು ಅವರ ಶಕ್ತಿ ತಿಳಿಯಲಿಕ್ಕೋ, ಪ್ರಶ್ನೆ ಕೇಳುವ ಧೈರ್ಯ ನಮಗಿಲ್ಲವೆಂದೋ?