ನಾಲ್ಕನೇ ಜ್ವರದ ಕಂತು

ನಗೆ ಧಾರಾವಾಹಿ ನೋಡುವುದರಲ್ಲಿ ನನ್ನನ್ನು ಮೀರಿಸುವವರು ಜಂಗಮಕೋಟೆಯ ಸುತ್ತಮುತ್ತ ಯಾರೂ ಇಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಇರುವುದನ್ನು ಹೇಳುತ್ತಿದ್ದೇನೆ. ನನ್ನ ಹತ್ತಿರ ಒಂದು ಸಂತೋಷದ ಸುದ್ದಿ ಇದೆ. ಅದನ್ನು ಮೊದಲ ಸಾಲಿಗೇ ಬರೆಸೋಣ ಅಂದುಕೊಂಡಿದ್ದೆ. ಕೊನೆಯಲ್ಲಿ ಇರಬೇಕಾದ್ದನ್ನು ಮೊದಲೇ ಹೇಳಿಬಿಟ್ಟರೆ ಯಾರು ಓದುತ್ತಾರೆ ಅಜ್ಜಿ ಅಂತ, ನಾನು ಹೇಳಿದ್ದನ್ನು ಬರೆದುಕೊಳ್ಳುವ ಮೊಮ್ಮಗಳು ಬೈದಳು. ಹಾಗಾಗಿ ವರಸೆಯಾಗಿ ಹೇಳುತ್ತೇನೆ.

ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹುಳ ಮೊಟ್ಟೆಯೊಡೆದು ಬಂದ ಮೇಲೆ ಗೂಡು ಕಟ್ಟುವಷ್ಟರಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮೊದಲು ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು, ಒಂದು ಒಂದೂವರೆ ದಿನ ಅಲುಗಾಡದೆ ಕೂರುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಹುಳ ಜ್ವರಕ್ಕೆ ಕೂತರೆ ನಮ್ಮ ಯಜಮಾನರು ಮನೆಯಲ್ಲಿ ಯಾರಿಗೂ ಗಟ್ಟಿಯಾಗಿ ಮಾತಾಡಲು ಬಿಡುವುದಿಲ್ಲ. ಬಿಂದಿಗೆ ಇಟ್ಟ ಸದ್ದಿಗೂ ತಿರುಗಿ ನೋಡುತ್ತಾರೆ. ಹುಳಕ್ಕೆ ಕಿವಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಈಗ ಹುಳಕ್ಕೆ ಬೇರೆ ಮನೆ ಕಟ್ಟಿದ್ದೇವೆ, ಆಗ ಹುಳದ ತಟ್ಟೆಗಳೂ ನಾವೂ ಒಂದೇ ಸೂರಿನಡಿ. ಜ್ವರದ ದಿನ ಟಿವಿ ಹಾಕಬಹುದು, ಸದ್ದು ಹಾಕುವಂತಿಲ್ಲ. ಅದು ಅವರ ಕಾನೂನು.

ನಾನು ಬಿಡುವವಳಲ್ಲ. ಸದ್ದಿಲ್ಲದೆಯೇ ನೋಡಿದೆ. ಮೊಮ್ಮಗಳಿಗೆ ಆಗ ನಾಲ್ಕೋ ಐದೋ ವರ್ಷ, ನನ್ನ ಮಡಿಲಲ್ಲಿ ಕೂರುತ್ತಿದ್ದಳು. ಪರದೆಯ ಮೇಲೆ ಬಾಯಾಡಿಸುತ್ತಿದ್ದವರ ಮಾತನ್ನು ನಾವಿಬ್ಬರೂ ಪಿಸುಗುಟ್ಟಿ ಹೇಳುತ್ತಿದ್ದೆವು. ಗಂಡಸರದೆಲ್ಲ ನನಗೆ, ಹೆಂಗಸರದೆಲ್ಲ ಅವಳಿಗೆ. ಮರುದಿನ ಮಧ್ಯಾಹ್ನ ಅದೇ ಕಂತನ್ನು ಇನ್ನೊಂದು ಸಲ ಹಾಕುತ್ತಿದ್ದರು. ಅಷ್ಟರಲ್ಲಿ ಹುಳ ಜ್ವರದಿಂದ ಎದ್ದಿದ್ದರೆ ಸದ್ದಿಟ್ಟು ನೋಡಿ, ನಾವು ಹೇಳಿದ್ದಕ್ಕೂ ಅವರು ಆಡಿದ್ದಕ್ಕೂ ತಾಳೆ ಹಾಕುತ್ತಿದ್ದೆವು. ಕೆಲವು ಧಾರಾವಾಹಿಗಳಲ್ಲಿ ಹತ್ತಕ್ಕೆ ಎಂಟು ಮಾತು ಸರಿಯಾಗಿರುತ್ತಿತ್ತು. ಕೆಲವದರಲ್ಲಿ ಒಂದೂ ಇಲ್ಲ.

ನಾನು ಕಲಿತದ್ದೆಲ್ಲ ಅಲ್ಲೇ. ಸದ್ದಿಲ್ಲದೆ ನೋಡಿದರೂ ಈ ಮನುಷ್ಯ ಈಗ ಇದನ್ನೇ ಅನ್ನುತ್ತಾನೆ ಅಂತ ನನಗೆ ಗೊತ್ತಾಗಿಬಿಟ್ಟರೆ, ಬರೆದವರು ಆ ಮನುಷ್ಯನನ್ನು ಪೂರ್ತಿ ಕಟ್ಟಿದ್ದಾರೆ ಅಂತ ಲೆಕ್ಕ. ಗೊತ್ತಾಗದಿದ್ದರೆ ಅಲ್ಲಿ ತಮಾಷೆ ಮಾತ್ರ ಇದೆ, ಮನುಷ್ಯ ಇಲ್ಲ. ತಮಾಷೆಯನ್ನು ಯಾರ ಬಾಯಿಗೆ ಬೇಕಾದರೂ ಹಾಕಬಹುದು. ಹಾಗೆ ಯಾರ ಬಾಯಿಗೆ ಹಾಕಿದರೂ ನಡೆಯುವ ಮಾತು ನನಗೆ ಮರುದಿನಕ್ಕೆ ನೆನಪಿರುವುದಿಲ್ಲ.

ಒಂದು ಧಾರಾವಾಹಿಯಲ್ಲಿ ಮರೆವಿನ ಮನುಷ್ಯ ಒಬ್ಬನಿದ್ದ. ಮೊದಮೊದಲು ಅವನು ತನಗೆ ಇಷ್ಟವಿಲ್ಲದ್ದನ್ನು ಮಾತ್ರ ಮರೆಯುತ್ತಿದ್ದ. ಹೆಂಡತಿ ಹೇಳಿದ ತರಕಾರಿ ಮರೆಯುತ್ತಿದ್ದ, ಭಾವಮೈದನ ಗೃಹಪ್ರವೇಶ ಮರೆಯುತ್ತಿದ್ದ, ಇಸ್ಪೀಟಿನ ಹೊತ್ತು ಒಂದು ದಿನವೂ ಮರೆಯಲಿಲ್ಲ. ನಾನು ನಕ್ಕು ನಕ್ಕು ಸೊಪ್ಪು ಹೆಚ್ಚುವ ಕತ್ತಿ ಕೆಳಗಿಡಬೇಕಾಗುತ್ತಿತ್ತು. ಎರಡು ವರ್ಷ ಓಡಿದ ಮೇಲೆ, ಜನ ಮರೆವಿಗೇ ನಗುತ್ತಿದ್ದಾರೆ ಅಂದುಕೊಂಡು ಬರೆಯುವವರು ಅವನಿಗೆ ಎಲ್ಲವನ್ನೂ ಮರೆಸಲು ಶುರು ಮಾಡಿದರು. ತನ್ನ ಮನೆ ಮರೆತ, ತನ್ನ ಹೆಸರು ಮರೆತ. ಅವತ್ತಿಂದ ನಾನು ನಗಲಿಲ್ಲ. ಅಯ್ಯೋ ಪಾಪ, ಚೆನ್ನಾಗಿದ್ದ ಮನುಷ್ಯನನ್ನು ಕೈಯಾರೆ ಕೆಡಿಸಿಬಿಟ್ಟರಲ್ಲ ಅಂತ ಸಂಕಟವಾಯಿತು. ಯಜಮಾನರು, ಅದೇನು ನಿನ್ನ ತಮ್ಮನಾ ಅಂದರು. ತಮ್ಮನಿಗಿಂತ ಹೆಚ್ಚು ಸಲ ಮನೆಗೆ ಬಂದಿದ್ದಾನೆ ಅಂದೆ.

ಆ ಮಡಿಲಿನ ಮಗು ಈಗ ಇಪ್ಪತ್ತನಾಲ್ಕು ವರ್ಷದವಳು. ಚಿಂತಾಮಣಿಯ ಒಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು, ಬಿಡುವಿನಲ್ಲಿ ಏನೇನೋ ಬರೆಯುತ್ತಿದ್ದಳು. ಈ ವರ್ಷ ಅವಳು ಒಂದು ನಗೆ ಧಾರಾವಾಹಿ ಮಾಡುವವರಿಗೆ ತಾನು ಬರೆದದ್ದನ್ನು ಕಳಿಸಿದ್ದಳು. ಅವರು, ನಮ್ಮ ಧಾರಾವಾಹಿಗೆ ಒಂದು ಹಳ್ಳಿ ಮನೆಯ ಕಂತು ಬರೆದು ಕಳಿಸಿ, ಚೆನ್ನಾಗಿದ್ದರೆ ಬರೆಯುವವರ ಗುಂಪಿಗೆ ಸೇರಿಸಿಕೊಳ್ಳುತ್ತೇವೆ, ಇಲ್ಲದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ ಅಂದರಂತೆ. ಸೋಮವಾರ ಬೆಳಿಗ್ಗೆಗೆ ತಲುಪಬೇಕು, ಒಂದೇ ಒಂದು ಅವಕಾಶ. ಶನಿವಾರ ಮಧ್ಯಾಹ್ನ ಲ್ಯಾಪ್‌ಟಾಪು ಹಿಡಿದುಕೊಂಡು ಊರಿಗೆ ಬಂದಳು. ಮುಖ ಬಾಡಿಹೋಗಿತ್ತು.

ಓದು ಅಂದೆ. ಯಾರು ಮಾತಾಡುತ್ತಾರೆ ಅಂತ ಹೆಸರು ಹೇಳಬೇಡ, ಬರೀ ಮಾತು ಓದು ಅಂದೆ.

ಓದಿದಳು. ಹುಳ ಸಾಕುವ ಮನೆ, ಒಬ್ಬ ತಾತ, ಒಬ್ಬಳು ಅಜ್ಜಿ, ಹೊಸದಾಗಿ ಪರಿಚಯವಾದ ನೆಂಟರು. ಫೋನಿನಲ್ಲಿ ತಾತ ಜ್ವರಕ್ಕೆ ಕೂತಿವೆ ಅನ್ನುತ್ತಾನೆ, ನೆಂಟರು ಮನುಷ್ಯರಿಗೇ ಜ್ವರ ಅಂದುಕೊಂಡು ಓಡಿ ಬರುತ್ತಾರೆ, ತಾತ ಹುಳ ತೋರಿಸುತ್ತಾನೆ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಓದಿ ಮುಗಿಸಿ ನನ್ನ ಮುಖ ನೋಡಿದಳು.

ನನಗೆ ಅವಳ ಮೇಲೆ ಎಷ್ಟು ಪ್ರೀತಿಯೋ ಅಷ್ಟೇ ನೇರವಾಗಿ ಹೇಳಿದೆ.

"ಎಲ್ಲಾರೂ ನಿನ್ನಂಗೇ ಮಾತಾಡ್ತಾರೆ ಕಣಮ್ಮ. ತಾತ ಯಾವ್ದು, ಅಜ್ಜಿ ಯಾವ್ದು, ನಂಗೆ ಒಂದೂ ತಿಳೀಲಿಲ್ಲ."

"ಜ್ವರ ಅನ್ನೋದು ತಮಾಷೆಯಾಗಿಲ್ವಾ ಅಜ್ಜಿ?"

"ಅದು ಪದ. ಒಂದು ಸಲ ನಗಿಸಿ ಮುಗಿದುಹೋಗುತ್ತೆ. ತಪ್ಪು ತಿಳ್ಕೊಂಡು ಬಂದೋರನ್ನ ನೋಡಿ ನಿನ್ನ ತಾತ ಏನು ಮಾಡ್ದ, ಅದು ಹೇಳು."

"ಯಾವ ತಾತ? ಇದು ನಾನೇ ಕಟ್ಟಿದ್ದು."

ಅವಳು ಕಟ್ಟಿಕೊಂಡಿದ್ದು ನಮ್ಮ ಮನೆಯಲ್ಲಿ ನಿಜವಾಗಿ ನಡೆದದ್ದು ಅಂತ ಅವಳಿಗೆ ಗೊತ್ತಿರಲಿಲ್ಲ. ಇಪ್ಪತ್ತಾರು ವರ್ಷದಿಂದ ನಾನೂ ಯಜಮಾನರೂ ಮಗನೂ ಬಾಯಿ ಬಿಟ್ಟಿರಲಿಲ್ಲ. ಅವತ್ತು ಬಿಟ್ಟೆ.

ನಮ್ಮ ಸೊಸೆಯ, ಅಂದರೆ ಇವಳ ಅಮ್ಮನ ತವರು ಗೌರಿಬಿದನೂರು ತಾಲ್ಲೂಕು, ವಿದುರಾಶ್ವತ್ಥದ ಕಡೆ. ಅವರು ಕಡಲೆಕಾಯಿ, ಮೆಕ್ಕೆಜೋಳ ಬೆಳೆಯುವವರು, ಹುಳದ ಸಹವಾಸವಿಲ್ಲ. ಹುಡುಗಿಯ ಕಡೆಯವರು ನಮ್ಮ ಮನೆ ನೋಡಲು ಬರುವ ಮಾತಾಗಿತ್ತು. ಯಜಮಾನರು ಅವರ ಊರಿನ ಅಂಗಡಿಗೆ ಫೋನು ಮಾಡಿ, ಎಲ್ಲಾ ನಾಲ್ಕನೇ ಜ್ವರಕ್ಕೆ ಕೂತಿವೆ, ಹತ್ತು ದಿನ ಬಿಟ್ಟು ಬನ್ನಿ ಅಂತ ಹೇಳಿ ಕಳಿಸಿದರು. ಅಂಗಡಿಯವನು ಅದನ್ನು, ಮನೆಮಂದಿಗೆಲ್ಲ ನಾಲ್ಕನೇ ಸಲ ಜ್ವರ ಬಂದಿದೆಯಂತೆ ಅಂತ ಮುಟ್ಟಿಸಿದ. ಅವರು ಒಳ್ಳೆಯ ಜನ. ಮರುದಿನವೇ ಹೊರಟು, ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸುವಾಗ ಬ್ರೆಡ್ಡು, ಎಳನೀರು ತೆಗೆದುಕೊಂಡು ಬಂದರು. ಹುಡುಗಿಯ ತಾಯಿ ತಾಯತ ಕೂಡ ಮಾಡಿಸಿಕೊಂಡು ಬಂದಿದ್ದರು. ನಾಲ್ಕು ಸಲ ಜ್ವರ ಅಂದರೆ ಬರೀ ಜ್ವರವಲ್ಲ ಅಂತ ಅವರ ಲೆಕ್ಕ.

ಬಾಗಿಲಲ್ಲಿ ನಿಂತಿದ್ದ ಯಜಮಾನರು ಬ್ರೆಡ್ಡು ನೋಡಿದರು, ಬೀಗರ ಗಾಬರಿಯ ಮುಖ ನೋಡಿದರು. ನನ್ನ ಕಡೆ ತಿರುಗಲೂ ಇಲ್ಲ. ಸೀದಾ ಒಳಗೆ ಹೋಗಿ ಕಂಬಳಿ ಹೊದ್ದು ಮಲಗಿಬಿಟ್ಟರು. ಇಷ್ಟು ದೂರ ಬಂದವರಿಗೆ, ನೀವು ತಪ್ಪು ತಿಳಿದಿರಿ ಅಂತ ಹೇಳಲು ಅವರಿಂದ ಆಗಲಿಲ್ಲ. ನನಗೆ ಅರ್ಥವಾಯಿತು, ನಾನೂ ಸೆರಗು ಬಿಗಿಯಾಗಿ ಹೊದ್ದುಕೊಂಡೆ. ತೋಟದಿಂದ ಗಟ್ಟಿಮುಟ್ಟಾಗಿ ಬಂದ ಮಗನನ್ನು ತೋರಿಸಿ, ಇವನಿಗೆ ಈಗಷ್ಟೇ ವಾಸಿಯಾಗಿದೆ ಅಂದೆ. ಬೀಗರದು ಸ್ವಲ್ಪ ದೊಡ್ಡ ಗಂಟಲು. ಪಕ್ಕದಲ್ಲೇ ತಟ್ಟೆ ತುಂಬ ಹುಳ ಜ್ವರಕ್ಕೆ ಕೂತಿವೆ. ಕಂಬಳಿಯ ಒಳಗಿಂದ ಯಜಮಾನರು, ತಲೆ ಸಿಡೀತಿದೆ, ಒಂಚೂರು ಮೆಲ್ಲಗೆ ಮಾತಾಡ್ತೀರಾ ಅಂದರು. ಅಲ್ಲಿಂದ ಮುಂದೆ ಮದುವೆಯ ಮಾತೆಲ್ಲ ಪಿಸುಮಾತಿನಲ್ಲೇ ನಡೆಯಿತು. ಹೋಗುವಾಗ ಯಜಮಾನರ ತೋಳಿಗೆ ತಾಯತ ಕಟ್ಟಿ ಹೋದರು.

ಹೇಳುತ್ತಾ ಹೇಳುತ್ತಾ ನಾನು ನಗುತ್ತಿದ್ದೆ. ಮೊಮ್ಮಗಳು ನಗುತ್ತಿರಲಿಲ್ಲ, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ಇದು ಅಜ್ಜಿ, ಇದೇ, ಅಂದಳು. ನೋಡು, ನಿನ್ನ ತಾತ ನಗಿಸಲು ಏನೂ ಮಾಡಲಿಲ್ಲ ಅಂದೆ. ಅವರಿಗೆ ಬೇಕಾಗಿದ್ದದ್ದು ಎರಡೇ, ಬಂದವರ ಮುಖ ಸಪ್ಪಗಾಗಬಾರದು, ಹುಳಕ್ಕೆ ಸದ್ದಾಗಬಾರದು. ಎರಡನ್ನೂ ಪ್ರಾಣ ಹೋದರೂ ಬಿಡರು. ಅಂಥವರು ನಗದೆ ಇದ್ದಷ್ಟೂ ನೋಡುವವರಿಗೆ ನಗು.

ಬಾಗಿಲ ಹತ್ತಿರ ನೆರಳಾಡಿತು. ಯಜಮಾನರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಇದನ್ನ ಬರೀಬ್ಯಾಡ ಕಣಮ್ಮ," ಅಂದರು. "ಅವ್ರು ಪೆದ್ದರಾದ್ರು ಅನ್ನಿಸಬಾರ್ದು ಅಂತ ಇಷ್ಟು ವರ್ಷ ಕಾಪಾಡ್ಕೊಂಡು ಬಂದಿದೀನಿ. ಈಗ ನಾಡಿಗೆಲ್ಲ ತೋರಿಸಿದ್ರೆ, ಆವತ್ತು ಮಲಗಿದ್ದಕ್ಕೆ ಏನು ಬೆಲೆ?"

ಆಗ್ಲಿ ತಾತ, ಬೇರೆ ಬರೀತೀನಿ ಅಂದಳು ಮೊಮ್ಮಗಳು. ಲ್ಯಾಪ್‌ಟಾಪಿನ ಮುಂದೆ ಕೂತಳು. ಸಂಜೆಯವರೆಗೂ ಕೂತೇ ಇದ್ದಳು, ಒಂದು ಸಾಲು ಬರೆಯುವುದು, ಅದನ್ನೇ ಅಳಿಸುವುದು. ನಾನು ಯಜಮಾನರ ಜೊತೆ ಜಗಳವಾಡಲಿಲ್ಲ. ಅವರು ಹೇಳಿದ್ದರಲ್ಲಿ ನ್ಯಾಯವಿತ್ತು, ಅದೇ ನನ್ನ ಕಷ್ಟ. ಅವರು ಒಪ್ಪಿಬಿಟ್ಟರೆ ಅವರು ಅವರೇ ಅಲ್ಲ. ಒಪ್ಪದಿದ್ದರೆ ಮಗುವಿನ ಅವಕಾಶ ಹೋಯಿತು.

ಭಾನುವಾರ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದ ಯಜಮಾನರು, ಇನ್ನೂ ಖಾಲಿ ಪರದೆಯ ಮುಂದೆ ಕೂತಿದ್ದ ಮೊಮ್ಮಗಳನ್ನು ನೋಡಿ, ಬೀಗರಿಗೆ ಫೋನು ಹಚ್ಚಿಕೊಡು ಅಂದರು. ಕೇಳಿಯೇ ಬಿಡ್ತೀನಿ, ಬೇಡ ಅಂದ್ರೆ ಬೇಡ ಅಂದರು. ಅವರಿಗೆ ಫೋನು ಕಿವಿಗೆ ಹಿಡಿದು ಮಾತಾಡಿ ಅಭ್ಯಾಸವಿಲ್ಲ, ಸ್ಪೀಕರಿನಲ್ಲೇ ಆಗಬೇಕು. ಹಾಗಾಗಿ ಎಲ್ಲರೂ ಕೇಳಿದೆವು. ರೊಟ್ಟಿ ತಟ್ಟುತ್ತಿದ್ದ ಸೊಸೆ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಯಜಮಾನರು ಮಳೆ, ಬೆಳೆ, ಹಸು ಎಲ್ಲ ವಿಚಾರಿಸಿ, ಗಂಟಲು ಸರಿ ಮಾಡಿಕೊಂಡು, ಅವತ್ತು ಜ್ವರ ಬಂದಿದ್ದು ತಮಗಲ್ಲ, ಹುಳಕ್ಕೆ ಅಂತ ನಿಧಾನವಾಗಿ ಹೇಳಿದರು.

ಬೀಗರು ಅವರ ಅರ್ಧ ತೆಲುಗಿನಲ್ಲಿ, "ಅದು ನಂಗೆ ಆವತ್ತೇ ತೆಲುಸು ಬೀಗ್ರೇ," ಅಂದರು. "ಹಣೆ ಮುಟ್ಟಿ ನೋಡಿದ್ನಲ್ಲ, ನನ್ನ ಕೈಗಿಂತ ತಣ್ಣಗಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಅಷ್ಟು ಕಷ್ಟಪಟ್ಟು ನರಳ್ತಾ ಇದ್ರಿ. ಎದ್ದೇಳಿ ಅನ್ನೋದು ಹೆಂಗೆ? ಬಸ್ಸಲ್ಲಿ ವಾಪಸ್ ಬರ್ತಾ ನಮ್ಮೋಳಿಗೆ ಅಂದೆ, ನಮ್ಮ ಮಾನ ಕಾಯೋಕೆ ಇಲ್ಲದ ಜ್ವರ ತರಿಸ್ಕೊಂಡವ್ರು, ಮಗೂನ ಕಣ್ಣಲ್ಲಿ ಇಟ್ಕೊಂಡು ನೋಡ್ತಾರೆ, ಮದುವೆ ಖಾಯಂ ಮಾಡಣ ಅಂತ."

ಸೊಸೆ ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು, ಕೆನ್ನೆಯೆಲ್ಲ ಬೆಳ್ಳಗಾಯಿತು. ಹಾಗಾದರೆ ನನ್ನ ಮದುವೆ ಮಾಡಿಸಿದ್ದು ಹುಳವಾ ಅಂದಳು. ಟಿವಿಯ ವಿಷಯ ಹೇಳಿದಾಗ ಬೀಗರು ಕೇಳಿದ್ದು ಒಂದೇ, ತಮ್ಮ ಪಾತ್ರದವನಿಗೆ ಮೀಸೆ ಇರುತ್ತದಾ ಅಂತ.

ಅವರು ಫೋನು ಇಡುವ ಮೊದಲೇ ಮೊಮ್ಮಗಳು ಬರೆಯುತ್ತಿದ್ದಳು. ಅವಳಿಗೆ ಈಗ ಒಬ್ಬರಲ್ಲ, ಇಬ್ಬರು ಸಿಕ್ಕಿದ್ದರು. ಒಬ್ಬ ಜ್ವರ ಇಲ್ಲದೆ ಮಲಗಿದವನು, ಇನ್ನೊಬ್ಬ ಜ್ವರ ಇಲ್ಲ ಅಂತ ತಿಳಿದೂ ಎಳನೀರು ಕುಡಿಸಿದವನು. ಯಜಮಾನರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ತಾವು ನರಳಲೇ ಇಲ್ಲ, ಬರೀ ಕೆಮ್ಮಿದ್ದು ಅಂತ ಅವರ ವಾದ. ನರಳಿದ್ದು ನಿಜ ಅಂತ ನನ್ನದು. ಕೊನೆಗೆ ಆ ಜಗಳವನ್ನೂ ಅವಳು ಕಂತಿನೊಳಗೆ ಸೇರಿಸಿದಳು. ಹಣೆ ಮುಟ್ಟುವ ಕಡೆ ಮಾತ್ರ ಅವಳು ಒಂದು ಮಾತನ್ನೂ ಇಡಲಿಲ್ಲ. ಬೀಗರು ಹಣೆ ಮುಟ್ಟುತ್ತಾರೆ, ಒಂದು ಕ್ಷಣ ಸುಮ್ಮನಿದ್ದು ಕಂಬಳಿಯನ್ನು ಇನ್ನೂ ಮೇಲಕ್ಕೆ ಎಳೆದು ಹೊದಿಸುತ್ತಾರೆ, ಅಷ್ಟೇ. ಅದನ್ನು ಕೇಳಿದಾಗ ನನಗೆ ಇನ್ನು ಹೇಳಲು ಏನೂ ಉಳಿದಿಲ್ಲ ಅಂತ ಗೊತ್ತಾಯಿತು. ನನ್ನ ಮಡಿಲಲ್ಲಿ ಪಿಸುಗುಟ್ಟುತ್ತಿದ್ದವಳು ನನ್ನನ್ನು ದಾಟಿ ಹೋಗಿದ್ದಳು.

ಸೋಮವಾರ ಬೆಳಿಗ್ಗೆ ಕಳಿಸಿದಳು. ಎರಡು ವಾರ ಏನೂ ಸುದ್ದಿಯಿಲ್ಲ. ಮೂರನೇ ವಾರ ನಾನು ಸೊಪ್ಪು ಕೊಯ್ಯುತ್ತಿದ್ದಾಗ ಫೋನು ಮಾಡಿದಳು. ತೊಗೊಂಡ್ರು ಅಜ್ಜಿ, ಕಂತೂ ತೊಗೊಂಡ್ರು, ನನ್ನನ್ನೂ ತೊಗೊಂಡ್ರು ಅಂದಳು. ನಾನು ಹಿಪ್ಪುನೇರಳೆ ಸಾಲಿನ ನಡುವೆ ಮಣ್ಣಲ್ಲೇ ಕೂತುಬಿಟ್ಟೆ. ಇದೇ ನಾನು ಮೊದಲ ಸಾಲಿಗೆ ಬರೆಸಬೇಕು ಅಂದುಕೊಂಡಿದ್ದ ಸುದ್ದಿ. ಹಾಲಿನ ಡೈರಿಯಲ್ಲಿ ಹೇಳಿದೆ, ಶಿಡ್ಲಘಟ್ಟದ ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದ ಹೆಂಗಸಿಗೂ ಹೇಳಿದೆ. ಆಕೆ ಪಾಪ ಕಂತಿನ ಕಥೆಯೆಲ್ಲ ಕೇಳಿ, ಇಳಿಯುವ ಸ್ಟಾಪು ಬಿಟ್ಟು ಮುಂದಿನದರಲ್ಲಿ ಇಳಿದಳು.

ಕಂತು ಬಂದ ದಿನ ಬೀಗರೂ ಬಂದಿದ್ದರು. ಇಬ್ಬರು ಗಂಡಸರೂ ಪಕ್ಕಪಕ್ಕ ಕೂತು, ತಮ್ಮ ತಮ್ಮ ಪಾತ್ರ ಬಂದಾಗ ಮುಖ ಗಂಭೀರ ಮಾಡಿಕೊಂಡು ನೋಡಿದರು. ನಾನು ನೋಡಲು ಕಾದಿದ್ದದ್ದು ಕಥೆಯನ್ನಲ್ಲ, ಕೊನೆಯಲ್ಲಿ ಬರುವ ಹೆಸರುಗಳನ್ನು. ನನ್ನ ಓದು ಮೂರನೇ ಕ್ಲಾಸಿನದು, ಅಕ್ಷರ ಕೂಡಿಸಿಕೊಂಡು ಓದುವವಳು, ಆ ಹೆಸರುಗಳೋ ಬಸ್ಸಿನ ಬೋರ್ಡಿನ ಹಾಗೆ ಓಡುತ್ತವೆ. ನಮ್ಮ ಮಗುವಿನ ಹೆಸರಿನ ಎರಡಕ್ಷರ ಓದುವಷ್ಟರಲ್ಲಿ ಮೇಲೆ ಹೋಗಿಬಿಟ್ಟಿತು. ಮೊಮ್ಮಗಳು ಫೋನಿನಲ್ಲಿ ನಿಲ್ಲಿಸಿ ತೋರಿಸುತ್ತೇನೆ ಅಂದಳು, ನಾನು ಬೇಡ ಅಂದೆ. ಈಗ ಅವಳು ಆ ಗುಂಪಿನವಳು, ಪ್ರತಿ ವಾರ ಅವಳ ಹೆಸರು ಬರುತ್ತದೆ, ನನಗೇನು ಆತುರ. ಮುಂದಿನ ವಾರ ಇನ್ನೊಂದಕ್ಷರ ಸಿಕ್ಕಿತು. ಅದರ ಮುಂದಿನ ವಾರ ಒತ್ತಕ್ಷರದ ಸಮೇತ ಪೂರ್ತಿ ಹೆಸರನ್ನು ಓದಿದೆ. ಈಗ ಅದರ ಹಿಂದೆ ಇರುವ ‘ಸಂಭಾಷಣೆ’ ಅನ್ನುವ ಪದವನ್ನು ಹಿಡಿಯುತ್ತಿದ್ದೇನೆ.