ಯಾರೂ ಬಳಸದ ಕಂಪ್ಯೂಟರ್

ನಮ್ಮ ಮುದ್ರಣಾಲಯದಲ್ಲಿ ಪುಟ ಜೋಡಿಸುವವನನ್ನು ಎಲ್ಲರೂ ಒಂಟಿಸಲಗ ಎಂದೇ ಕರೆಯುತ್ತಿದ್ದರು. ಕರಡು ತಿದ್ದುವ ನನ್ನೊಬ್ಬಳನ್ನು ಬಿಟ್ಟರೆ ಅವನ ಮೂಲೆಗೆ ಯಾರೂ ಹೋಗುತ್ತಿರಲಿಲ್ಲ. ಅವನ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಕೂಡ ಯಾರೂ ಬಳಸದ್ದು, ಹೆಸರು ಹೇಳಿದರೂ ಗೊತ್ತಾಗದ್ದು. "ಊರಿಗೊಂದು ದಾರಿಯಾದ್ರೆ ಪೋರನಿಗೊಂದು ದಾರಿ," ಎಂದು ಯಜಮಾನರು ರೇಗಿಸುತ್ತಿದ್ದರು.

ಒಂದು ಬೆಳಿಗ್ಗೆ ಯಾರೋ ಇಮೇಲ್ ತೆರೆದದ್ದೇ ತಡ, ವೈರಸ್ ನುಗ್ಗಿ ಆಫೀಸಿನ ಕಂಪ್ಯೂಟರುಗಳೆಲ್ಲ ಮಕಾಡೆ ಮಲಗಿದವು. ಅವನದು ಮಾತ್ರ ಗುಂಡುಕಲ್ಲಿನ ಹಾಗಿತ್ತು. ಸರಿ, ಕುರ್ಚಿ ಎಳೆದುಕೊಂಡು ಎಲ್ಲರೂ ಅಲ್ಲಿಗೇ! ಬಿಲ್ ಬರೆಯುವವಳು, ಚಿತ್ರ ಬಿಡಿಸುವವನು, ಯಜಮಾನರು ಕೂಡ. ಸರದಿ ಕಾಯುತ್ತಾ ವಾರವೆಲ್ಲ ಹರಟಿದ್ದೇ ಹರಟಿದ್ದು. ವರ್ಷಗಟ್ಟಲೆ ಬಾಯಿಗೆ ಬೀಗ ಹಾಕಿಕೊಂಡಿದ್ದವನು ಜೋಕು ಹೇಳಿದ. ಎಲ್ಲರ ಟೀಗೆಂದು ಹೊಸ ಲೋಟಗಳನ್ನು ತಂದ. ಅವನ ಖುಷಿ ನೋಡಿ ನನಗೆ ಸಂಕಟವಾಯಿತು. ಇದು ಎಷ್ಟು ದಿನ?

ಕಂಪ್ಯೂಟರುಗಳು ರಿಪೇರಿಯಾಗಿ ಬಂದಾಗ ಯಜಮಾನರು ಅವನ ಬೆನ್ನು ತಟ್ಟಿದರು. "ಎಲ್ಲದಕ್ಕೂ ನಿನ್ನ ಸಿಸ್ಟಮ್ಮೇ ಹಾಕ್ಬಿಡೋಣ ಕಣಯ್ಯಾ. ನೀನೇ ಎಲ್ಲರಿಗೂ ಕಲಿಸು. ಇದಕ್ಕೆ ವೈರಸ್ ಬರಲ್ಲ ತಾನೆ?"

ಹೂಂ ಅಂದಿದ್ದರೆ ಸಾಕಿತ್ತು, ಕುರ್ಚಿಗಳು ಅಲ್ಲೇ ಉಳಿಯುತ್ತಿದ್ದವು. ಅನ್ನಲಿಲ್ಲ ಪುಣ್ಯಾತ್ಮ.

"ಹಂಗೇನಿಲ್ಲ ಸಾರ್. ಜೇಬುಗಳ್ಳ ಗುಂಪಿರೋ ಕಡೆ ಹೋಗ್ತಾನೆ, ಖಾಲಿ ಬೀದಿಗೆ ಬಂದು ಏನ್ ಮಾಡ್ತಾನೆ? ಇದನ್ನ ಯಾರೂ ಬಳಸಲ್ಲ, ಅದಕ್ಕೇ ಉಳೀತು. ಆದ್ರೆ ಅಕಸ್ಮಾತ್ ಯಾರಾದ್ರೂ ತೂತು ಕೊರೆದ್ರೆ ಮುಚ್ಚೋರೂ ಇಲ್ಲ. ನಿಮ್ಮದಕ್ಕೆ ಸಾವಿರ ಜನ ಇದ್ದಾರೆ. ಅಪ್‌ಡೇಟ್ ತಪ್ಪಿಸ್ಬೇಡಿ, ಗುರುತಿಲ್ಲದ ಮೇಲ್ ತೆರೀಬೇಡಿ, ಅಷ್ಟೇ."

ಯಜಮಾನರು ತಲೆದೂಗಿ ಎದ್ದರು. ಸಂಜೆಯೊಳಗೆ ಕುರ್ಚಿಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಹೋದವು. ನನಗೋ ಮೈಯೆಲ್ಲ ಉರಿಯಿತು.

"ಸುಮ್ನಿರಕ್ಕೆ ಏನಾಗಿತ್ತೋ ನಿಂಗೆ? ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ಕೊಂಡ್ಯಲ್ಲೋ!"

ಅವನು ಲೋಟ ತೊಳೆಯುತ್ತಿದ್ದ. ತಿರುಗಿ ನೋಡಲಿಲ್ಲ.

"ಅವ್ರು ಬಂದಿದ್ದು ಕಂಪ್ಯೂಟರ್ ಹತ್ರ ಅಕ್ಕಾ," ಎಂದ. "ನನ್ನ ಹತ್ರ ಯಾರು ಬಂದಿದ್ರು?"

ಒಂದೇ ಒಂದು ಲೋಟವನ್ನು ಮೇಜಿನ ಮೇಲಿಟ್ಟುಕೊಂಡು, ಮಿಕ್ಕವನ್ನು ಒರೆಸಿ ಅಂಗಡಿಯವನು ಕೊಟ್ಟ ಡಬ್ಬಿಗೇ ತುಂಬತೊಡಗಿದ.

"ಎರಡು ಇಡೋ, ಮುಠ್ಠಾಳ," ಎಂದೆ.